ಬುತ್ತಿ ಕಟ್ಟಿ ಕಳುಹಿಸುವ ತಂತ್ರಾಂಶ: ತೆರೆದುಕೊಂಡರಷ್ಟೇ ಸಾಲದು, ಹಳಸಲೂಬಾರದು

ತಂತ್ರಾಂಶ ಬರೆಯುವುದು ಒಂದು ಕೆಲಸವಾದರೆ, ಅದು ಬೇರೊಬ್ಬರ ಗಣಕದಲ್ಲಿ ತಕರಾರಿಲ್ಲದೆ ತೆರೆದುಕೊಳ್ಳುವಂತೆ ಮಾಡುವುದು ಇನ್ನೊಂದು ಕೆಲಸ. ಪೈಥಾನ್, ಜಾವಾಸ್ಕ್ರಿಪ್ಟ್ ಮುಂತಾದ ಸ್ಕ್ರಿಪ್ಟಿಂಗ್ ಭಾಷೆಗಳನ್ನು ನೆಚ್ಚಿಕೊಂಡವರಿಗೆ ಈ ಎರಡನೆಯ ಕೆಲಸವೇ ಹೆಚ್ಚು ತ್ರಾಸದಾಯಕ. ಬಳಕೆದಾರನಿಗೆ ಬೇಕಾದುದು ಒಂದು ಚಿತ್ರಿಕೆ ಮತ್ತು ಎರಡು ಕ್ಲಿಕ್ ಮಾತ್ರ. ಅದನ್ನು ಒದಗಿಸಲು ತೆರೆಯ ಹಿಂದೆ ನಡೆಯುವ ಸಿದ್ಧತೆ ದೊಡ್ಡದು. ಅದರ ಪರಿಣಾಮ ನಮ್ಮ ಗಣಕದ ಸುರಕ್ಷತೆಯನ್ನೂ ತಟ್ಟುತ್ತದೆ.

ತೊಡಕು ಎಲ್ಲಿದೆ?

ಸಿ ಭಾಷೆಯಲ್ಲಿ ಬರೆದ ತಂತ್ರಾಂಶವನ್ನು ತಯಾರಕನೇ ಒಮ್ಮೆ ಯಂತ್ರಭಾಷೆಗೆ ಪರಿವರ್ತಿಸಿ ಕೊಡುತ್ತಾನೆ. ಸ್ಕ್ರಿಪ್ಟ್ ಹಾಗಲ್ಲ. ಅದು ಮೂಲತಃ ಪಠ್ಯ. ಅದನ್ನು ಓದಿ ನಡೆಸಲು ಇಂಟರ್‌ಪ್ರಿಟರ್ ಎಂಬ ಮತ್ತೊಂದು ತಂತ್ರಾಂಶ ಬಳಕೆದಾರನ ಗಣಕದಲ್ಲಿಯೇ ಇರಬೇಕು. ವಿಂಡೋಸ್ ಜೊತೆಗೆ ಪೈಥಾನ್ ಬರುವುದಿಲ್ಲ. ಮ್ಯಾಕ್‌ನಲ್ಲಿ ಮೊದಲು ಪೈಥಾನ್ 2.7 ಇರುತ್ತಿತ್ತಾದರೂ 2022ರಲ್ಲಿ ಬಿಡುಗಡೆಯಾದ 12.3ನೇ ಆವೃತ್ತಿಯಲ್ಲಿ ಆಪಲ್ ಸಂಸ್ಥೆ ಅದನ್ನು ತೆಗೆದುಹಾಕಿತು.

ಇಂಟರ್‌ಪ್ರಿಟರ್ ಇದ್ದರೂ ಆವೃತ್ತಿ ಹೊಂದಬೇಕು. 2020ರ ಜನವರಿ 1ಕ್ಕೆ ಬೆಂಬಲ ಕಳೆದುಕೊಂಡ ಪೈಥಾನ್ 2ಕ್ಕಾಗಿ ಬರೆದ ಎಷ್ಟೋ ಸ್ಕ್ರಿಪ್ಟುಗಳು ಪೈಥಾನ್ 3ರಲ್ಲಿ ಓಡುವುದೇ ಇಲ್ಲ. ಇದರ ಮೇಲೆ, ಚಿತ್ರ ತೋರಿಸಲು ಒಂದು, ಕಿಟಕಿ ಮೂಡಿಸಲು ಮತ್ತೊಂದು ಎಂಬಂತೆ ಹಲವು ಲೈಬ್ರರಿಗಳೂ ಬೇಕು. ಇವನ್ನೆಲ್ಲ ಹುಡುಕಿ ಹಾಕಿಕೊಳ್ಳಿ ಎಂದು ಸಾಮಾನ್ಯ ಬಳಕೆದಾರನಿಗೆ ಹೇಳಿದರೆ ಆತ ಆ ತಂತ್ರಾಂಶದ ಗೊಡವೆಗೇ ಹೋಗುವುದಿಲ್ಲ.

ಗಂಟು ಕಟ್ಟುವ ಬಗೆ

ಇದಕ್ಕೆ ಕಂಡುಕೊಂಡ ಉಪಾಯ ಸರಳ. ಬೇಕಾದ ಸಕಲವನ್ನೂ ಬುತ್ತಿಯಂತೆ ಜೊತೆಯಲ್ಲೇ ಕಟ್ಟಿ ಕಳುಹಿಸುವುದು! ಪೈಥಾನ್‌ಗೆ ಪೈಇನ್‌ಸ್ಟಾಲರ್, ಸಿಎಕ್ಸ್ ಫ್ರೀಝ್ ಮುಂತಾದ ಸಲಕರಣೆಗಳು ಈ ಕೆಲಸ ಮಾಡುತ್ತವೆ. ಸ್ಕ್ರಿಪ್ಟ್ ಯಾವ ಯಾವ ಲೈಬ್ರರಿಗಳನ್ನು ಕರೆಯುತ್ತದೆ ಎಂಬುದನ್ನು ಶೋಧಿಸಿ, ಅವುಗಳ ಜೊತೆಗೆ ಇಂಟರ್‌ಪ್ರಿಟರನ್ನೂ ಸೇರಿಸಿ, ಎಲ್ಲವನ್ನೂ ಚಾಲೂ ಮಾಡುವ ಪುಟ್ಟ ತಂತ್ರಾಂಶವೊಂದನ್ನು ಮುಂದೆ ನಿಲ್ಲಿಸುತ್ತವೆ. ಇದು ಯಂತ್ರಭಾಷೆಗೆ ಮಾಡಿದ ಪರಿವರ್ತನೆಯಲ್ಲ, ಕೇವಲ ಗಂಟು ಎಂಬುದು ಗಮನಾರ್ಹ.

ಈ ವಿಧಾನಕ್ಕೆ ಮಿತಿಗಳೂ ಉಂಟು. ಓಡುವಾಗಷ್ಟೇ ಹೆಸರು ಗೊತ್ತಾಗುವ ಲೈಬ್ರರಿಗಳು ಶೋಧನೆಯಲ್ಲಿ ತಪ್ಪಿಹೋಗಬಹುದು. ತಯಾರಕನ ಗಣಕದಲ್ಲಿ ಎಲ್ಲವೂ ಸರಿಯಿದ್ದು, ಬಳಕೆದಾರನಲ್ಲಿ ಮಾತ್ರ ಅದು ಮುಗ್ಗರಿಸುತ್ತದೆ. ಪೈಇನ್‌ಸ್ಟಾಲರ್‌ನಲ್ಲಿ ವಿಂಡೋಸ್‌ನ ಗಂಟನ್ನು ವಿಂಡೋಸ್‌ನಲ್ಲೂ ಮ್ಯಾಕ್‌ನ ಗಂಟನ್ನು ಮ್ಯಾಕ್‌ನಲ್ಲೂ ಕಟ್ಟಬೇಕು. ಎಲ್ಲವನ್ನೂ ಒಂದೇ ಫೈಲಿನಲ್ಲಿ ಅಡಕಗೊಳಿಸಿದರೆ ನೋಡಲು ಅಚ್ಚುಕಟ್ಟು. ಆದರೆ ಅದು ಪ್ರತಿ ಬಾರಿ ತೆರೆದಾಗಲೂ ತಾತ್ಕಾಲಿಕ ಫೋಲ್ಡರಿನಲ್ಲಿ ಗಂಟು ಬಿಚ್ಚಿಕೊಳ್ಳುವುದರಿಂದ ಆರಂಭ ನಿಧಾನ.

ಇಷ್ಟಾದರೂ ಈ ದಾರಿಯಲ್ಲಿ ಗೆದ್ದವರಿದ್ದಾರೆ. 2008ರಲ್ಲಿ ಸಾರ್ವಜನಿಕರಿಗೆ ಮುಕ್ತವಾದ ಡ್ರಾಪ್‌ಬಾಕ್ಸ್‌ನ ಗಣಕ ತಂತ್ರಾಂಶ ಬಹುಪಾಲು ಪೈಥಾನ್‌ನದಾಗಿತ್ತು. ಭಾರತೀಯ ಮೂಲದ ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಇ-ಪುಸ್ತಕ ತಂತ್ರಾಂಶ ಕ್ಯಾಲಿಬರ್ ತನ್ನದೇ ಪೈಥಾನನ್ನು ಒಡಲಲ್ಲಿ ಹೊತ್ತು ಬರುತ್ತದೆ. ಜಾವಾಸ್ಕ್ರಿಪ್ಟ್ ಪಾಳೆಯದಲ್ಲಿ 2013ರಲ್ಲಿ ಗಿಟ್‌ಹಬ್ ಸಂಸ್ಥೆ ಆರಂಭಿಸಿದ ಎಲೆಕ್ಟ್ರಾನ್ ಇದೆ. ಇದು ಕ್ರೋಮಿಯಂ ಎಂಬ ಬ್ರೌಸರನ್ನೇ ಗಂಟಿನೊಳಗೆ ಇಡುತ್ತದೆ. ವಿಷುವಲ್ ಸ್ಟುಡಿಯೋ ಕೋಡ್, ಸ್ಲ್ಯಾಕ್ ಇದರ ಕೂಸುಗಳು. ಇಂತಹ ಮೂರು ತಂತ್ರಾಂಶ ಹಾಕಿಕೊಂಡರೆ ಗಣಕದಲ್ಲಿ ಬ್ರೌಸರಿನ ಮೂರು ಪ್ರತಿಗಳು ಬಂದು ಕುಳಿತಂತೆ!

ಕಾವಲುಗಾರನ ಅನುಮಾನ

ಗಂಟು ತಲುಪಿತೆಂದರೆ ಮುಗಿಯಲಿಲ್ಲ. ಅಪಾಯಕಾರಿ ತಂತ್ರಾಂಶ ಬರೆಯುವವರೂ ಇದೇ ಸಲಕರಣೆಗಳನ್ನು ಬಳಸುವುದರಿಂದ, ಪೈಇನ್‌ಸ್ಟಾಲರ್‌ನಲ್ಲಿ ಕಟ್ಟಿದ ನಿರಪಾಯ ಫೈಲುಗಳನ್ನೂ ಆಂಟಿವೈರಸ್‌ಗಳು ಕೆಲವೊಮ್ಮೆ ತಡೆಹಿಡಿಯುತ್ತವೆ. ತಯಾರಕನ ಗುರುತು ಸಾರುವ ಡಿಜಿಟಲ್ ಸಹಿ ಇದಕ್ಕೊಂದು ಪರಿಹಾರವಾದರೂ ಅದು ಪುಕ್ಕಟೆ ಸಿಗುವಂಥದ್ದಲ್ಲ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದೀಚೆಗೆ ಆಪಲ್ ಸಂಸ್ಥೆಯ ತಪಾಸಣೆಯನ್ನೂ ದಾಟಬೇಕು. ಅದಕ್ಕೆ ಬೇಕಾದ ಸದಸ್ಯತ್ವದ ಶುಲ್ಕ ವರ್ಷಕ್ಕೆ 99 ಡಾಲರ್. ತಂತ್ರಾಂಶವನ್ನು ಉಚಿತವಾಗಿ ಹಂಚುವ ಹವ್ಯಾಸಿಗಳಿಗೆ ಇದು ಸಣ್ಣ ಹೊರೆಯೇನಲ್ಲ.

ಬುತ್ತಿ ಹಳಸಿದರೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಹಂಚಿಕೊಂಡ ಲೈಬ್ರರಿಯಲ್ಲಿ ದೋಷ ಕಂಡುಬಂದರೆ ಒಂದೆಡೆ ಸರಿಪಡಿಸಿದರೆ ಸಾಕು. ಪ್ರತಿಯೊಂದು ತಂತ್ರಾಂಶವೂ ತನ್ನದೇ ಪ್ರತಿಯನ್ನು ಹೊತ್ತಿದ್ದರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸರಿಪಡಿಸಬೇಕು.

2023ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ನಿದರ್ಶನ ದೊರೆಯಿತು. ವೆಬ್‌ಪಿ ಮಾದರಿಯ ಚಿತ್ರಗಳನ್ನು ತೆರೆಯುವ ಲೈಬ್ರರಿಯಲ್ಲಿ ಗಂಭೀರ ದೋಷ ಪತ್ತೆಯಾಯಿತು. ದುಷ್ಕರ್ಮಿಗಳು ಅದಾಗಲೇ ಅದನ್ನು ಬಳಸಿಕೊಳ್ಳುತ್ತಿದ್ದರು. ಗೂಗಲ್ ಕ್ರೋಮ್ ಬ್ರೌಸರನ್ನು ಬೇಗನೆ ಸರಿಪಡಿಸಿತು. ಆದರೆ ಎಲೆಕ್ಟ್ರಾನ್ ಆಧಾರಿತ ತಂತ್ರಾಂಶಗಳಿಗೆ, ಪೈಥಾನ್‌ನ ಚಿತ್ರ ಲೈಬ್ರರಿ ಪಿಲ್ಲೋ ಸೇರಿಸಿ ಕಟ್ಟಿದ ಗಂಟುಗಳಿಗೆ ಆ ತಿದ್ದುಪಡಿ ತಾನಾಗಿಯೇ ಬರಲಿಲ್ಲ. ಒಬ್ಬೊಬ್ಬ ತಯಾರಕನೂ ಹೊಸದಾಗಿ ಕಟ್ಟಿ ಮತ್ತೆ ಹಂಚಬೇಕಾಯಿತು. ತಯಾರಕ ಕೈಬಿಟ್ಟ ತಂತ್ರಾಂಶವಾದರೆ ದೋಷ ಅಲ್ಲಿಯೇ ಉಳಿದಂತೆ.

ಲಿನಕ್ಸ್ ಜಗತ್ತಿನ ಫ್ಲಾಟ್‌ಪ್ಯಾಕ್ ವ್ಯವಸ್ಥೆ ಮಧ್ಯಮ ಮಾರ್ಗವೊಂದನ್ನು ಹಿಡಿದಿದೆ. ಸಮಾನವಾದ ಭಾಗಗಳನ್ನು ಹಲವು ತಂತ್ರಾಂಶಗಳು ಹಂಚಿಕೊಳ್ಳುತ್ತವೆ, ಉಳಿದದ್ದನ್ನು ಮಾತ್ರ ತಾವೇ ಹೊರುತ್ತವೆ.

ಹೀಗಾಗಿ ಬಳಕೆದಾರರು ಕೆಲವು ಎಚ್ಚರ ವಹಿಸುವುದು ಒಳಿತು. ತಂತ್ರಾಂಶವನ್ನು ತಯಾರಕರ ಸ್ವಂತ ತಾಣದಿಂದಲೇ ಪಡೆಯಬೇಕು. ಇತ್ತೀಚಿನ ಆವೃತ್ತಿ ಬಂದದ್ದು ಯಾವಾಗ ಎಂದು ನೋಡಬೇಕು. ಹೊಸ ಆವೃತ್ತಿಯ ಸೂಚನೆ ಬಂದಾಗ ‘ನಾಳೆ ನೋಡೋಣ’ ಎಂದು ಮುಂದೂಡಬಾರದು. ಆಂಟಿವೈರಸ್ ಎಚ್ಚರಿಸಿದರೆ ಅದನ್ನೇ ಬಂದ್ ಮಾಡುವ ಬದಲು ತಯಾರಕರನ್ನು ವಿಚಾರಿಸಬೇಕು. ವರ್ಷಗಳಿಂದ ಹೊಸ ಆವೃತ್ತಿಯೇ ಕಾಣದ ತಂತ್ರಾಂಶ ಇಂದಿಗೂ ಚೆನ್ನಾಗಿಯೇ ಓಡುತ್ತಿರಬಹುದು. ಆದರೆ ಓಡುತ್ತಿದೆ ಎಂದ ಮಾತ್ರಕ್ಕೆ ಅದು ಸುರಕ್ಷಿತ ಎಂದರ್ಥವಲ್ಲ.