ತೂಕ ಮುಗಿದ ಮೇಲಿನ 14 ಗ್ರಾಂ

ತೊಗರಿಬೇಳೆ, ಪಾವ್ ಕಿಲೋ. ತೂಕದ ಯಂತ್ರದ ಮೇಲೆ 250 ಎಂದು ಕೆಂಪು ಅಂಕಿ ನಿಂತಿತು. ಸೆರಗಿನ ಗಂಟಿಗೆ ಕೈ ಹಾಕಿದ್ದ ಅಜ್ಜಿ ಗಂಟು ಬಿಚ್ಚಲಿಲ್ಲ, ಸುಮ್ಮನೆ ನೋಡುತ್ತ ನಿಂತಳು. ಅಂಗಡಿಯವರು ಮತ್ತೆ ಚೀಲಕ್ಕೆ ಕೈಯಿಟ್ಟು ಐದೂ ಬೆರಳ ತುದಿಗೆ ಬಂದಷ್ಟು ಬೇಳೆ ತೆಗೆದು ತಟ್ಟೆಗೆ ಉದುರಿಸಿದರು. 264. ಆಗ ಗಂಟು ಬಿಚ್ಚಿತು.

ಸಿರವಾರ ತಾಲ್ಲೂಕಿನ ಮಲ್ಲಟದಲ್ಲಿ ಬಸ್ಸಿಗೆ ಕಾಯುತ್ತ ಆ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಒಂದು ಬಸ್ಸು ಬಂದು ಹೋಯಿತು, ನಾನು ಏಳಲಿಲ್ಲ. ಕೊಸರು! ಚಿಕ್ಕಂದಿನಲ್ಲಿ ಸಂತೆಯಲ್ಲಿ ಅವ್ವನ ಪಕ್ಕ ನಿಂತು ನೋಡಿದ್ದು, ಈಗ ಯಂತ್ರದ ಅಂಕಿಯ ಮೇಲೂ ಜೀವಂತವಾಗಿದೆ. ಪಾತ್ರೆ ಅಳತೆಯ ಕಾಲದಲ್ಲಿ ಕೊಸರು ಎಷ್ಟೆಂದು ಕೊಟ್ಟವರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ 14 ಗ್ರಾಂ ಎಂದು ಕಣ್ಣಿಗೆ ಕಾಣುತ್ತದೆ. ಕಿಲೋಗೆ 120 ರೂಪಾಯಿಯಂತೆ ಮಾರುತ್ತಿದ್ದ ಬೇಳೆಯಲ್ಲಿ ಅದು ಹತ್ತಿರಹತ್ತಿರ ಒಂದೂ ಮುಕ್ಕಾಲು ರೂಪಾಯಿ.

“ಕೊಡಲಿಲ್ಲಂದ್ರ ಏನಾಗ್ತೈತ್ರಿ?” ಎಂದೆ.

“ಏನೂ ಆಗಂಗಿಲ್ರಿ. ಮುಂದಿನ ಸಲ ಆಕಿ ಬರಂಗಿಲ್ಲ, ಅಷ್ಟ.”

ಕೊಳ್ಳುವವರ ಕೈ ಬಿಗಿಯಾಗಿರುವುದಕ್ಕೆ ಕಾರಣ ಈ ಭಾಗದವರಿಗೆ ನಾನು ಹೇಳಬೇಕಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎನಿಸಿದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. 2025ರಲ್ಲಿ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ಮಾನ್ವಿ, ಸಿರವಾರದ ಭತ್ತದ ಗದ್ದೆಗೆ ನೀರು ಬರದಿದ್ದರೆ ನಾಟಿ ಕೂಲಿಯಿಲ್ಲ, ಕೂಲಿ ಇಲ್ಲದಿದ್ದರೆ ಅಂಗಡಿಯಲ್ಲಿ ಕಿಲೋ ಕೇಳುವವರು ಪಾವ್ ಕೇಳುತ್ತಾರೆ. ಅಜ್ಜಿಯ ಇಬ್ಬರೂ ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಗೃಹಲಕ್ಷ್ಮಿಯ ರೊಕ್ಕ ಬಂದ ವಾರ ಉದ್ರಿ ಪುಸ್ತಕ ಒಂದಿಷ್ಟು ಹಗುರಾಗುತ್ತದೆ ಎಂದು ಅಂಗಡಿಯವರು ಹೇಳಿದರು.

ಇಂಥ ಗಿರಾಕಿಯನ್ನು ಒಲಿಸಿಕೊಳ್ಳುವ ವಿದ್ಯೆಯನ್ನು ದೊಡ್ಡ ಕಂಪನಿಗಳೂ ಕಲಿತಿವೆ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲ್ ನಿರ್ಮಾ ಪುಡಿಯನ್ನು ಸೈಕಲ್ ಮೇಲೆ ಮಾರಿದ್ದು ಅಗ್ಗದ ಬಲದಿಂದ. 1983ರಲ್ಲಿ ಕಡಲೂರಿನ ಸಿ.ಕೆ. ರಂಗನಾಥನ್ ಚಿಕ್ ಶಾಂಪೂವನ್ನು ಪುಟ್ಟ ಪೊಟ್ಟಣದಲ್ಲಿ ತಂದರು. ಖಾಲಿ ಪೊಟ್ಟಣಗಳನ್ನು ಅಂಗಡಿಗೆ ತಂದುಕೊಟ್ಟರೆ ತುಂಬಿದ್ದೊಂದು ಉಚಿತ ಎಂಬ ಅವರ ಯೋಜನೆ ನನಗೆ ಬಹಳ ಇಷ್ಟ, ಅದರಲ್ಲಿ ಕೊಸರಿನ ವಾಸನೆಯಿದೆ. ಆದರೆ ಐದು ರೂಪಾಯಿ ಪೊಟ್ಟಣದ ಕಥೆ ಬೇರೆ. ಅಲ್ಲಿ ಬೆಲೆ ಕದಲುವುದಿಲ್ಲ, ಒಳಗಿನ ತೂಕ ಕರಗುತ್ತದೆ. 2019ರ ಆರ್ಥಿಕ ಮಂದಗತಿಯಲ್ಲಿ ಪಾರ್ಲೆ ಕಂಪನಿಯೇ ಹೇಳಿಕೊಂಡಿತು: ತೆರಿಗೆ ಹೆಚ್ಚಿದ್ದರಿಂದ ಪೊಟ್ಟಣದಲ್ಲಿ ಬಿಸ್ಕತ್ತು ಕಡಿಮೆ ಮಾಡಬೇಕಾಯಿತು, ಹಳ್ಳಿಯ ಬೇಡಿಕೆ ಕುಸಿಯಿತು, 10,000 ಕೆಲಸಗಳವರೆಗೆ ಹೋಗಬಹುದು. ಹಳ್ಳಿಯ ತಾಯಿ ಬಿಸ್ಕತ್ತು ಎಣಿಸುತ್ತಾಳೆ ಎಂಬುದು ಆ ಕಂಪನಿಗೆ ಚೆನ್ನಾಗಿ ಗೊತ್ತಿತ್ತು.

2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತು, ಸೋಪು, ಶಾಂಪೂ, ಪೇಸ್ಟಿನ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡಿ, ಐದರ ಪೊಟ್ಟಣ 4 ರೂಪಾಯಿ 45 ಪೈಸೆಗೆ ಬರಬೇಕು, ಎರಡರ ಶಾಂಪೂ 1 ರೂಪಾಯಿ 78 ಪೈಸೆಗೆ. ಹಾಗೇ ವಿಚಿತ್ರ ಬೆಲೆ ಹೊತ್ತ ಪೊಟ್ಟಣಗಳು ಬಂದವು ಕೂಡ. 55 ಪೈಸೆ ಚಿಲ್ಲರೆ ಎಲ್ಲಿಂದ ತರುವುದು? 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ಮುಗಿದಿದೆ. ಎಂಟಾಣೆಯನ್ನು ಮಲ್ಲಟದಲ್ಲಿ ಯಾರೂ ಮುಟ್ಟುವುದಿಲ್ಲ. ಪ್ರಧಾನಿಯಿಂದ ಹಿಡಿದು ಎಲ್ಲರೂ ಹೇಳಿದ ಆ ತೆರಿಗೆ ಇಳಿಕೆಯ ಉಳಿತಾಯ ಈ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತುಬಿಟ್ಟಿತು.

“ನೀವೇನ್ ಮಾಡಿದ್ರಿ?”

ಅವರು ಗಾಜಿನ ಭರಣಿ ತೋರಿಸಿದರು. ಹುರಿದ ಶೇಂಗಾ. ಹುಡುಗರು ಐದು ರೂಪಾಯಿ ಕೊಟ್ಟು ಬಿಸ್ಕತ್ತು ಒಯ್ದರೆ ಅಂಗೈಗೆ ನಾಲ್ಕು ಶೇಂಗಾ. ಚಿಲ್ಲರೆಯ ಬದಲು ಪೆಪ್ಪರಮಿಂಟು ಕೊಡೋಣವೆಂದರೆ ಅದಕ್ಕೂ ಅಂಗಡಿಯವರು ದುಡ್ಡು ಕೊಟ್ಟು ತರಬೇಕು. ಶೇಂಗಾ ಮನೆಯ ಹೊಲದ್ದು. ಮುಂದೆ ತೂಕ ಹೆಚ್ಚಿಸಿಕೊಂಡು ಐದರ ಪೊಟ್ಟಣ ಮರಳಿ ಬಂತು. ಆದರೆ ಶೇಂಗಾ ನಿಲ್ಲಿಸಲು ಹುಡುಗರು ಬಿಡಲಿಲ್ಲ.

ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ‘ಹೆಚ್ಚುವರಿ’ ಎಂದು ಅಚ್ಚು ಹಾಕಿದ್ದನ್ನು ನಾನು ನಂಬುವುದು ಕಡಿಮೆ. ಯಾವುದಕ್ಕಿಂತ ಹೆಚ್ಚು, ಹೋದ ವರ್ಷದ ಪೊಟ್ಟಣ ಎದುರಿಗಿಲ್ಲವಲ್ಲ. ಕೊಸರು ಹಾಗಲ್ಲ. ಕೊಡಬೇಕಾದದ್ದನ್ನು ಪೂರಾ ಕೊಟ್ಟಾದ ಮೇಲೆ, ಕೊಳ್ಳುವವಳ ಕಣ್ಣೆದುರಿಗೇ ಬೀಳುತ್ತದೆ. ಕನ್ನಡದಲ್ಲಿ ಅದನ್ನು ಪಡೆಯಲು ಜಗ್ಗಾಡುವುದೂ ಕೊಸರು, ಪಡೆದದ್ದೂ ಕೊಸರು. ಕೇಳುವ ಹಕ್ಕನ್ನೂ ಕೊಡುವ ಕೈಯನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟ ಹಿರಿಯರ ಬಗ್ಗೆ ನನಗೆ ಪ್ರೀತಿ ಉಕ್ಕುತ್ತದೆ.

ಅಜ್ಜಿ ಬೇಳೆಯನ್ನು ಚೀಲಕ್ಕೆ ಸುರಿದುಕೊಂಡು, ಮೂವತ್ತು ರೂಪಾಯಿ ಎಣಿಸಿಟ್ಟು, ಹೊರಟವಳು ಮೆಟ್ಟಿಲ ಮೇಲೆ ನಿಂತಳು. ಮೇಲೆ ನೇತುಹಾಕಿದ್ದ ಶಾಂಪೂ ಪೊಟ್ಟಣಗಳ ಸರವನ್ನು ನೋಡಿದಳು.

“ಸಾವ್ಕಾರ, ಅದರಾಗ ಒಂದು ಹರಕೊಡು. ಮೊಮ್ಮಗಳು ನಾಳಿ ಬರ್ತಾಳ.”

“ಬರಕೊಳ್ಳಾ ಯವ್ವಾ?”

“ಬ್ಯಾಡ ಬ್ಯಾಡ, ಎರಡು ರೂಪಾಯಿ ಉದ್ರಿ ಯಾಕ,” ಎಂದು ಅಜ್ಜಿ ಮತ್ತೆ ಗಂಟು ಬಿಚ್ಚಿದಳು.