ಮರಿ ಇಗ್ವಾನಾಕ್ಕೆ ನಿಮ್ಮ ಕೈಯೇ ಹದ್ದು

ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅಜ್ಜಿ ಬೆರಳಿನಿಂದ ನೆಲ ತಟ್ಟಿ ‘ಕೃಷ್ಣ, ಕೃಷ್ಣ’ ಎನ್ನುವುದನ್ನು ನೀವು ನೋಡಿರುತ್ತೀರಿ. ವಡಾಲದ ಅದೇ ಮನೆಗೆ ಹಸಿರು ಇಗ್ವಾನಾ ಮರಿ ತಂದಿದ್ದೀರಾ? ಅಜ್ಜಿಯನ್ನು ಆಮೇಲೆ ಒಪ್ಪಿಸೋಣ. ಮೊದಲು ಮರಿಯ ಭಯ ತಿಳಿಯಿರಿ.

ಅದರ ನೆತ್ತಿಯ ಮೇಲೆ ಮಸುಕಾದ ಚುಕ್ಕಿಯೊಂದಿದೆ. ಅದು ಮೂರನೆಯ ಕಣ್ಣು! ಶಿವನದರಂತೆ ಉರಿಯುವುದಿಲ್ಲ, ಬೆಳಕು ನೆರಳುಗಳನ್ನಷ್ಟೇ ಗುರುತಿಸುತ್ತದೆ. ಅದರ ತವರಾದ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮೇಲಿನಿಂದ ಬೀಳುವ ನೆರಳೆಂದರೆ ಬೇಟೆ ಹಕ್ಕಿ. ನೀವು ಪ್ರೀತಿಯಿಂದಲೇ ಚಾಚಿದರೂ, ಮೇಲಿನಿಂದ ಬಂದ ಕೈ ಅದಕ್ಕೆ ಹದ್ದೇ.

ಆದ್ದರಿಂದ ಮೊದಲ ಕೆಲವು ದಿನ ಮುಟ್ಟಲೇಬೇಡಿ, ಗೂಡಿನ ಬಳಿ ಸುಮ್ಮನೆ ಕುಳಿತಿರಿ. ಆಮೇಲೆ ಪಕ್ಕದಿಂದ, ಅದಕ್ಕೆ ಕಾಣುವಂತೆ, ನಿಧಾನವಾಗಿ ಅಂಗೈ ಒಡ್ಡಿ. ಎತ್ತುವಾಗ ಹೊಟ್ಟೆಗೂ ನಾಲ್ಕು ಕಾಲಿಗೂ ಆಸರೆ ಬೇಕು. ಬಾಲ ಹಿಡಿದಿರೋ, ಅದನ್ನು ನಿಮ್ಮ ಕೈಯಲ್ಲೇ ಬಿಟ್ಟು ಓಡೀತು! ಹೊಸ ಬಾಲ ಬಂದರೂ ಮೊದಲಿನ ಅಂದವಿರದು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ನೆಲದ ಮೇಲೆ ಕುಳಿತೇ ಹಿಡಿಯಿರಿ. ಐದು ನಿಮಿಷ ಸಾಕು. ಕೊನೆಗೆ ಸೋಪಿನಿಂದ ಕೈ ತೊಳೆಯಿರಿ. ಅದರ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮನೆಯಲ್ಲಿ ಹಸುಗೂಸಿದ್ದರೆ ಇನ್ನಷ್ಟು ಎಚ್ಚರ.

ಇನ್ನೂ ತಂದಿಲ್ಲವಾದರೆ ಎರಡು ಸಲ ಯೋಚಿಸಿ. ಗೇಣುದ್ದದ ಈ ಮರಿ ಬಾಲ ಸೇರಿ ಐದಡಿ ದಾಟಬಲ್ಲದು. ನಮ್ಮ ಒಂದು ಕೋಣೆಯ ಮನೆಯಲ್ಲಿ ಅದಕ್ಕೆಲ್ಲಿ ಜಾಗ? 2024ರ ನಿಯಮದಂತೆ ‘ಪರಿವೇಶ್’ ಜಾಲತಾಣದಲ್ಲಿ ನೋಂದಣಿಯೂ ಆಗಬೇಕು. ನಮ್ಮೂರಿನ ಉಡವನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಸಾಕುವ ಹಾಗೆಯೇ ಇಲ್ಲ.