ಕಿತ್ತಳೆ ಲಿಲ್ಲಿಗಾಗಿ ಮೂರು ಮಳೆಗಾಲ

ಪಿಯುಸಿ ಮುಗಿಸಿ ಸಿಇಟಿ ಸೀಟಿಗಾಗಿ ಕಾಯುತ್ತಿದ್ದ ಜೂನ್ ಅದು. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಬಿಜೈಯ ನಮ್ಮ ಮನೆಯಂಗಳದ ಮಳೆ ಲಿಲ್ಲಿಗಳು ಒಟ್ಟಿಗೇ ಅರಳಿದವು. ಒಂದು ಕುಂಡದಲ್ಲಿ ಹಳದಿ, ಇನ್ನೊಂದರಲ್ಲಿ ಪಿಂಕ್. ಎರಡನ್ನೂ ಸೇರಿಸಿದರೆ ಕಿತ್ತಳೆ ಬಣ್ಣ ಬಂದೀತೇ? ಮಾಡಲು ಬೇರೆ ಕೆಲಸವೂ ಇರಲಿಲ್ಲ.

ಬೊಕೆಯಲ್ಲಿ ಕಾಣುವ ದೊಡ್ಡ ಲಿಲ್ಲಿಗೆ ಚಳಿ ಬೇಕು, ನಮ್ಮೂರಿನ ಸೆಕೆ ಅದಕ್ಕೆ ಆಗಿಬರುವುದಿಲ್ಲ. ಮಳೆ ಲಿಲ್ಲಿ ಬೇರೆಯೇ ಕುಟುಂಬದ್ದು, ಅಮೆರಿಕ ಖಂಡಗಳಿಂದ ಬಂದ ಗಡ್ಡೆ ಗಿಡ. ಸಸ್ಯಶಾಸ್ತ್ರದಲ್ಲಿ ಜೆಫಿರಾಂಥಸ್, ಅಂದರೆ ಪಡುವಣ ಗಾಳಿಯ ಹೂ. 1821ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ವಿಲಿಯಂ ಹರ್ಬರ್ಟ್. ಕಡಲ ಕಡೆಯಿಂದ ಮಳೆ ಬರುವ ಮಂಗಳೂರಿಗೆಂದೇ ಇಟ್ಟಂತಿದೆ!

ನಮ್ಮ ಪಿಂಕ್ ಗಿಡ ಕಾಯಿ ಕಟ್ಟುವುದೇ ಇಲ್ಲ. ಹಾಗಾಗಿ ಹಳದಿಯೇ ತಾಯಿ. ಬೆಳಿಗ್ಗೆ ಅರಳಿದ ಹೂವಿನ ಆರೂ ಕೇಸರಗಳನ್ನು ಕಿತ್ತು, ಶಲಾಕೆಯ ತುದಿಗೆ ಪಿಂಕ್ ಹೂವಿನ ಪರಾಗ ಒರೆಸಿದೆ. ನೀರು ತಾಗಿದರೆ ಪರಾಗ ಕೆಡುತ್ತದೆಂದು ಕುಂಡವನ್ನು ಸಿಟೌಟಿಗೆ ತಂದೆ. ಸುಮಾರು ನಾಲ್ಕು ವಾರಕ್ಕೆ ಮೂರು ಕೋಣೆಯ ಕಾಯಿ ಒಡೆದು, ಕಾಗದದಷ್ಟು ತೆಳುವಾದ ಕಪ್ಪು ಬೀಜಗಳು ಕಂಡವು. ಇದನ್ನು ಒಣಗಿಸಿ ವರ್ಷಗಟ್ಟಲೆ ಇಡಬಾರದು, ತಾಜಾ ಇದ್ದಾಗಲೇ ಬಿತ್ತಬೇಕು. ಅರ್ಧ ಬೀಜಗಳನ್ನು ಮಳೆಗೆ ಬಿಟ್ಟೆ, ಕೊಳೆತುಹೋದವು. ಉಳಿದವನ್ನು ತೂತು ಮಾಡಿದ ಐಸ್‌ಕ್ರೀಮ್ ಡಬ್ಬದಲ್ಲಿ, ಮರಳು ಮತ್ತು ತೆಂಗಿನನಾರಿನ ಹುಡಿಯ ಮೇಲೆ ಹರಡಿದೆ. ಒಂಬತ್ತು ಮೊಳೆತವು. ಕೂದಲಿನಂಥ ಎಲೆ ನೋಡಿ ಅಜ್ಜಿ ಹುಲ್ಲೆಂದು ನಾಲ್ಕನ್ನು ಕಿತ್ತರು.

ಈ ಮಳೆಗಾಲದಲ್ಲಿ, ನಾನು ಐದನೇ ಸೆಮಿಸ್ಟರಿನಲ್ಲಿರುವಾಗ, ಮೊದಲ ಹೂ ಬಿಟ್ಟಿತು. ಹಳದಿ.

"ಇದು ನಮ್ಮ ಹಳೆಯದ್ದೇ ಅಲ್ವಾ ಮಾರಾಯ?" ಎಂದರು ಅಮ್ಮ.

ಬೇಸರವಾದದ್ದು ನಿಜ. ಓದಿದಾಗ ಎರಡು ಸಂಶಯ ಬಂತು. ಮಳೆ ಲಿಲ್ಲಿಯ ಕೆಲವು ಜಾತಿಗಳಲ್ಲಿ ಬೀಜ ಕಟ್ಟಲು ಪರಾಗ ಬೇಕು, ಆದರೆ ಭ್ರೂಣ ಬೆಳೆಯುವುದು ತಾಯಿಯ ಜೀವಕೋಶದಿಂದ ಮಾತ್ರ. ಅಪೊಮಿಕ್ಸಿಸ್ ಎನ್ನುತ್ತಾರೆ. ಮರಿ ಗಿಡ ತಾಯಿಯ ಕಾಪಿ-ಪೇಸ್ಟ್. ಬಟಾಣಿಯಲ್ಲಿ ಗೆದ್ದ ಮೆಂಡೆಲ್‌ಗೆ ಹಾಕ್‌ವೀಡ್ ಎಂಬ ಗಿಡ ಕೈಕೊಟ್ಟದ್ದು ಇದೇ ಕಾರಣಕ್ಕೆ! ಇನ್ನೊಂದು ಸಂಶಯ ನನ್ನ ಮೇಲೆಯೇ. ಕೇಸರ ಕೀಳುವ ಮೊದಲೇ ಹೂವಿನ ಸ್ವಂತ ಪರಾಗ ಉದುರಿತ್ತೇ?

ಲ್ಯಾಬಿನಲ್ಲಿ ರೀಡಿಂಗ್ ತಪ್ಪಿದರೆ ಪಕ್ಕದ ಬ್ಯಾಚಿನ ರೆಕಾರ್ಡ್ ಇರುತ್ತದೆ. ಇಲ್ಲಿ ಇಲ್ಲ. ಹಾಗಾಗಿ ಈ ಬಾರಿ ಎರಡು ಮೊಗ್ಗುಗಳನ್ನು ಹಿಂದಿನ ಸಂಜೆಯೇ ಬಿಡಿಸಿ ಕೇಸರ ತೆಗೆದು, ಶಲಾಕೆಗೆ ಸ್ಟ್ರಾ ತುಂಡಿನ ಟೋಪಿ ಹಾಕಿದೆ. ಮರುದಿನ ಒಂದಕ್ಕೆ ಮಾತ್ರ ಪಿಂಕ್ ಪರಾಗ ಕೊಟ್ಟೆ. ಪರಾಗ ಸಿಗದ ಹೂ ಬಾಡಿ ಉದುರಿತು. ಇನ್ನೊಂದರ ಕಾಯಿ ಈಗ ಕಡಲೆ ಗಾತ್ರಕ್ಕೆ ಬಂದಿದೆ. ಅಂದರೆ ಇದು ಪಿಂಕ್ ಪರಾಗದಿಂದಲೇ ಕಟ್ಟಿದ ಕಾಯಿ. ಇದರ ಮರಿಗಳೂ ಹಳದಿಯೇ ಬಿಟ್ಟರೆ ಉಳಿಯುವುದು ಮೊದಲ ಸಂಶಯ.

ಅವು ಹೂ ಬಿಡುವಷ್ಟರಲ್ಲಿ ನನ್ನ ಬಿಇ ಮುಗಿದು, ಕೆಲಸ ಸಿಕ್ಕರೆ ನಾನು ಬೆಂಗಳೂರಿನಲ್ಲಿರಬಹುದು. ಬೇಸಿಗೆಯಲ್ಲಿ ಇವಕ್ಕೆ ನೀರು ಹಾಕುವುದು ಯಾರೆಂದು ಅಮ್ಮ ಈಗಲೇ ಕೇಳುತ್ತಿದ್ದಾರೆ.